ಒಸ್ಲಾವಿಯಾದ ರೆಬುಲಾ: ಗಡಿಗುಡ್ಡವೊಂದರ ಬಿಳಿ ವೈನಿನ ಚರಿತ್ರೆ

ಇಟಲಿಯ ಈಶಾನ್ಯ ಅಂಚಿನಲ್ಲಿ, ಗೊರೀತ್ಸಿಯಾ ಪಟ್ಟಣದಿಂದ ನದಿ ದಾಟಿ ಪಡುವಣಕ್ಕೆ ಏರಿದರೆ ಸಿಗುವ ಗುಡ್ಡದ ಮೇಲೆ ಒಸ್ಲಾವಿಯಾ ಎಂಬ ಹಳ್ಳಿಯಿದೆ. ಅಲ್ಲಿಯ ಮನೆಮಾತು ಸ್ಲೊವೇನಿಯನ್. ಆ ಮಾತಿನಲ್ಲಿ ಊರಿನ ಹೆಸರು ಒಸ್ಲಾವ್ಯೆ. ಗೊರೀತ್ಸಿಯಾ ಸ್ಲೊವೇನಿಯನ್ನಿನಲ್ಲಿ ಗೊರಿತ್ಸಾ ಆಗುತ್ತದೆ. ಇಸೊಂಜೊ ನದಿ ಸೋಚಾ ಆಗುತ್ತದೆ. ಕೊಲ್ಲಿಯೊ ಗುಡ್ಡಸಾಲು ಬರ್ದಾ ಆಗುತ್ತದೆ. ಕೊಲ್ಲಿಯೊ, ಬರ್ದಾ ಎರಡಕ್ಕೂ ಅರ್ಥ ಗುಡ್ಡಗಳೆಂದೇ. ಸುಣ್ಣಮಿಶ್ರಿತ ಜೇಡಿ ಮತ್ತು ಮರಳುಗಲ್ಲಿನ ಪದರಗಳಿಂದಾದ, ಮಳೆ ಬಿಸಿಲಿಗೆ ಬಿಲ್ಲೆಬಿಲ್ಲೆಯಾಗಿ ಉದುರುವ ಅಲ್ಲಿನ ಮಣ್ಣನ್ನು ಇಟಲಿಯ ಕಡೆಯವರು ಪೊಂಕಾ ಎಂದರೆ ಸ್ಲೊವೇನಿಯನ್ನರು ಒಪೊಕಾ ಎನ್ನುತ್ತಾರೆ. ಆ ಮಣ್ಣಿನಲ್ಲಿ ಬೆಳೆಯುವ ಹಳದಿ ದ್ರಾಕ್ಷಿಗೂ ರಿಬೊಲ್ಲಾ, ರೆಬುಲಾ ಎಂಬ ಎರಡು ಹೆಸರುಗಳು. ಕಾಸರಗೋಡಿನಲ್ಲಿಯೋ ಸೊಲ್ಲಾಪುರದಲ್ಲಿಯೋ ಬೆಳೆದ ಓದುಗರಿಗೆ ಈ ಜೋಡಿ ಹೆಸರುಗಳ ಲೋಕವನ್ನು ವಿವರಿಸಬೇಕಾಗಿಲ್ಲ. ಯಾವ ಹೆಸರು ಫಲಕದ ಮೇಲೆ ಬರುತ್ತದೆ, ಯಾವುದು ಮನೆಯೊಳಗೆ ಉಳಿಯುತ್ತದೆ ಎಂಬುದು ಅಲ್ಲಿಯೂ ರಾಜಕಾರಣದ ಪ್ರಶ್ನೆಯೇ ಆಗಿತ್ತು.

ಕಳೆದ ಮೂವತ್ತು ವರ್ಷಗಳಲ್ಲಿ ಈ ಹಳ್ಳಿ ಜಗತ್ತಿನ ವೈನು ಬಲ್ಲವರ ನಡುವೆ ಹೆಸರಾಗಿರುವುದು ಒಂದು ಬಗೆಯ ಬಿಳಿ ವೈನಿನಿಂದ. ರಾಸಾಯನಿಕ ಗೊಬ್ಬರ, ಕಳೆನಾಶಕಗಳಿಲ್ಲದೆ ಬೆಳೆದ ರೆಬುಲಾವನ್ನು ಸಿಪ್ಪೆಯ ಸಮೇತ ತಿಂಗಳುಗಟ್ಟಲೆ ಹುದುಗಿಸಿ, ವರ್ಷಗಟ್ಟಲೆ ಮಾಗಿಸಿ ಮಾಡುವ ಈ ಪೇಯ ಹೆಸರಿಗೆ ಬಿಳಿಯಾದರೂ ಬಣ್ಣದಲ್ಲಿ ಜೇನು ಇಲ್ಲವೆ ತಾಮ್ರವನ್ನು ಹೋಲುತ್ತದೆ. ಇದರ ಕಥೆಯನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಹೇಳಲಾಗುತ್ತದೆ. ಒಬ್ಬ ಹಟವಾದಿ ರೈತನ ಪ್ರತಿಭೆ ಎಂಬುದು ಒಂದು. ಕಾಕಸಸ್ಸಿನ ಜಾರ್ಜಿಯಾದಿಂದ ತಂದ ಪ್ರಾಚೀನ ವಿದ್ಯೆ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಎರಡೂ ಮರೆಯುವ ಸಂಗತಿಯೆಂದರೆ, ಈ ವಿದ್ಯೆಯ ಗಣನೀಯ ಭಾಗ ಅದೇ ಸೀಮೆಯಲ್ಲಿ, ಅಧಿಕಾರವಿಲ್ಲದ ಒಂದು ಭಾಷೆಯಲ್ಲಿ, ಅಚ್ಚಾಗಿಯೇ ಇತ್ತು ಎಂಬುದು.

ರಿಬೊಲ್ಲಾ ಎಂಬ ಹೆಸರು ಈ ಪ್ರದೇಶದ ದಾಖಲೆಗಳಲ್ಲಿ 13ನೆಯ ಶತಮಾನದ ಕೊನೆಯ ಭಾಗದಿಂದಲೇ ಕಾಣಿಸಿಕೊಳ್ಳುತ್ತದೆ. ಗೊರೀತ್ಸಿಯಾದ ಕೌಂಟರ ವಂಶ 1500ರಲ್ಲಿ ನಿಂತುಹೋದ ಮೇಲೆ ಈ ಸೀಮೆ ಹ್ಯಾಬ್ಸ್‌ಬರ್ಗರ ಕೈಸೇರಿತು. ಮೊದಲ ಮಹಾಯುದ್ಧದವರೆಗೂ, ನೆಪೋಲಿಯನ್ನನ ಕಾಲದ ಅಲ್ಪಾವಧಿಯನ್ನು ಬಿಟ್ಟರೆ, ವಿಯೆನ್ನಾದ ಆಳ್ವಿಕೆಯಲ್ಲಿಯೇ ಇತ್ತು. ಆಡಳಿತದ ಭಾಷೆ ಜರ್ಮನ್, ಪಟ್ಟಣದ ವ್ಯವಹಾರದಲ್ಲಿ ಇಟಾಲಿಯನ್ ಮತ್ತು ಫ್ರಿಯುಲಿಯನ್, ಗುಡ್ಡಗಳ ರೈತರದು ಸ್ಲೊವೇನಿಯನ್. ಇಂಥ ವ್ಯವಸ್ಥೆಯಲ್ಲಿ ರೈತರ ತಿಳಿವಳಿಕೆ ಬಾಯಿಂದ ಬಾಯಿಗೆ ಹರಿಯುವುದು ಸಹಜ. ಬರಹಕ್ಕೆ ಇಳಿಯುವುದು ಅಪರೂಪ.

ಆ ಅಪರೂಪ 1844ರಲ್ಲಿ ಘಟಿಸಿತು. ಪಕ್ಕದ ವಿಪಾವಾ ಕಣಿವೆಯ ಶೆಂತ್‌ವಿದ್ ಎಂಬ ಊರಿನ ಪಾದ್ರಿ ಮತಿಯಾ ವೆರ್ತೊವೆತ್ಸ್ ‘ವಿನೊರೆಯಾ’ ಎಂಬ ಪುಸ್ತಕವನ್ನು ಹೊರತಂದನು. ದ್ರಾಕ್ಷಿ ಕೃಷಿ ಮತ್ತು ವೈನು ತಯಾರಿಕೆಯನ್ನು ಕುರಿತು ಸ್ಲೊವೇನಿಯನ್ ಭಾಷೆಯಲ್ಲಿ ಬಂದ ಮೊದಲ ಸಮಗ್ರ ಕೈಪಿಡಿ ಇದು. ಲುಬ್ಲಿಯಾನಾದಲ್ಲಿ ಯಾನೆಜ್ ಬ್ಲೈವೈಸ್ ಸಂಪಾದಿಸುತ್ತಿದ್ದ, ರೈತರು ಮತ್ತು ಕುಶಲಕರ್ಮಿಗಳಿಗಾಗಿಯೇ ಮೀಸಲಾದ ‘ನೊವಿತ್ಸೆ’ ಪತ್ರಿಕೆಯ ಬಳಗ ಇದರ ಹಿಂದಿತ್ತು. ಆ ಪತ್ರಿಕೆಯ ಮೊದಲ ಸಂಚಿಕೆ ಬಂದದ್ದು 1843ರ ಜುಲೈಯಲ್ಲಿ. ಮಂಗಳೂರಿನಲ್ಲಿ ಮೊಗ್ಲಿಂಗನ ‘ಮಂಗಳೂರ ಸಮಾಚಾರ’ ಹೊರಬಂದದ್ದೂ ಅದೇ ತಿಂಗಳಲ್ಲಿ. ಎರಡಕ್ಕೂ ಪರಸ್ಪರ ಸಂಬಂಧವಿಲ್ಲ. ಆದರೆ ಆಳುವವರದಲ್ಲದ ನುಡಿಯಲ್ಲಿ ಲೌಕಿಕ ತಿಳಿವಳಿಕೆಯನ್ನು ಅಚ್ಚುಹಾಕಬಹುದೆಂಬ ವಿಶ್ವಾಸ ಆ ದಶಕದ್ದು ಎಂಬುದು ನೆನಪಿಡತಕ್ಕ ಸಂಗತಿ.

ವೆರ್ತೊವೆತ್ಸ್ ತನ್ನ ಕೈಪಿಡಿಯಲ್ಲಿ ಬಿಳಿ ದ್ರಾಕ್ಷಿಯನ್ನು ತುಳಿದು, ರಸವನ್ನು ಒಡನೆಯೇ ಬೇರ್ಪಡಿಸದೆ, ಸಿಪ್ಪೆಯೊಂದಿಗೇ ಹುದುಗಲು ಬಿಡುವ ಪದ್ಧತಿಯನ್ನು ವಿಪಾವಾದ ಹಳೆಯ ರೂಢಿಯೆಂದು ಗುರುತಿಸುತ್ತಾನೆ. 19ನೆಯ ಶತಮಾನದ ನಡುಭಾಗದಲ್ಲಿಯೇ ಅದನ್ನು ‘ಹಳೆಯದು’ ಎಂದು ಕರೆದಿರುವುದು ಮುಖ್ಯ. ರೆಬುಲಾದ ಸಿಪ್ಪೆ ದಪ್ಪ. ಸಿಪ್ಪೆಯಲ್ಲಿರುವ ಒಗರು ವೈನನ್ನು ಕೆಡದಂತೆ ಕಾಯುತ್ತದೆ. ತಂಪುಯಂತ್ರವಾಗಲಿ, ಒತ್ತುಯಂತ್ರದ ಸೌಕರ್ಯವಾಗಲಿ ಇಲ್ಲದ ರೈತನಿಗೆ ಅದು ಬೇಸಗೆಯನ್ನು ದಾಟಿಸುವ ಉಪಾಯವಾಗಿತ್ತು, ರುಚಿಯ ಸಿದ್ಧಾಂತವಾಗಿರಲಿಲ್ಲ.

ಅದೇ ಶತಮಾನದ ಉತ್ತರಾರ್ಧದಲ್ಲಿ ಎರಡು ಬದಲಾವಣೆಗಳಾದವು. ಕಾಪ್ರೀವಾದಲ್ಲಿ ನೆಲೆಸಿದ ಫ್ರೆಂಚ್ ಕೌಂಟ್ ಥಿಯೊಡೋರ್ ದ ಲಾ ತೂರ್ ತನ್ನ ನಾಡಿನ ದ್ರಾಕ್ಷಿ ತಳಿಗಳನ್ನು ತಂದು ನೆಟ್ಟನು. ಬಳಿಕ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಯುರೋಪಿನ ಇತರೆಡೆಗಳಂತೆ ಇಲ್ಲಿಯೂ ಹಳೆಯ ತೋಟಗಳನ್ನು ಬಲಿತೆಗೆದುಕೊಂಡಿತು. ಮರುನಾಟಿಯ ಹೊತ್ತಿಗೆ ಹೊಸ ತಳಿಗಳಿಗೆ ಜಾಗ ಸಿಕ್ಕಿತು. ರೆಬುಲಾ ಹಿಂದೆ ಸರಿಯಿತು.

1915ರ ಜೂನ್‌ನಿಂದ 1917ರ ನವೆಂಬರ್‌ವರೆಗೆ ಸೋಚಾ ನದಿಯ ದಂಡೆಯಲ್ಲಿ ಹನ್ನೆರಡು ಕದನಗಳು ನಡೆದವು. ಒಸ್ಲಾವಿಯಾದ ಗುಡ್ಡ ಗೊರೀತ್ಸಿಯಾವನ್ನು ಕಾಯುವ ಕೋಟೆಯಂತಿದ್ದುದರಿಂದ ಎರಡೂ ಸೇನೆಗಳ ಫಿರಂಗಿಗಳು ಅದರ ಮೇಲೆಯೇ ಬಿದ್ದವು. ಊರು ನೆಲಸಮವಾಯಿತು, ಬಳ್ಳಿಗಳು ಉಳಿಯಲಿಲ್ಲ. 1938ರಲ್ಲಿ ಪೂರ್ಣಗೊಂಡ ಅಸ್ಥಿಸ್ಮಾರಕವೊಂದು ಇಂದಿಗೂ ತೋಟಗಳ ನಡುವೆ ನಿಂತಿದೆ. ಅದರಲ್ಲಿ 57,000ಕ್ಕೂ ಹೆಚ್ಚು ಯೋಧರ ಅವಶೇಷಗಳಿವೆ, ಅವರಲ್ಲಿ ಬಹುಪಾಲು ಗುರುತು ಸಿಗದವರು.

ಯುದ್ಧಾನಂತರ, 1920ರ ರಪಾಲ್ಲೊ ಒಪ್ಪಂದದ ಪ್ರಕಾರ, ಈ ಸೀಮೆಯೆಲ್ಲ ಇಟಲಿಗೆ ಸೇರಿತು. ಮುಸೊಲಿನಿಯ ಆಡಳಿತ 1923ರಲ್ಲಿ ಸ್ಥಳನಾಮಗಳನ್ನು ಇಟಾಲಿಯನ್ನಿಗೆ ಬದಲಿಸಿತು. ಅದೇ ವರ್ಷದ ಶಿಕ್ಷಣ ಸುಧಾರಣೆ ಸ್ಲೊವೇನಿಯನ್ ಮಾಧ್ಯಮದ ಬೋಧನೆಯನ್ನು ಹಂತಹಂತವಾಗಿ ಕೊನೆಗೊಳಿಸಿತು. 1927ರಲ್ಲಿ ಮನೆತನದ ಹೆಸರುಗಳನ್ನು ಇಟಾಲಿಯನ್ ರೂಪಕ್ಕೆ ತರುವ ಆಜ್ಞೆ ಇಲ್ಲಿಗೂ ವಿಸ್ತರಿಸಿತು. ಓದುಬರಹ ತಮ್ಮ ನುಡಿಯಲ್ಲಿ ಸಿಗದ ಒಂದು ಪೀಳಿಗೆ ತೋಟಗಳಲ್ಲಿ ದುಡಿಯತೊಡಗಿತು. ಅಂಥ ಪೀಳಿಗೆಯ ಕೈಗೆ ‘ವಿನೊರೆಯಾ’ದಂಥ ಪುಸ್ತಕ ತಲುಪುವ ಬಗೆ ಹೇಗೆ?

ಇನ್ನೊಂದು ಯುದ್ಧ ಮುಗಿದ ಮೇಲೆ, 1947ರ ಫೆಬ್ರವರಿ 10ರಂದು ಸಹಿಯಾದ ಪ್ಯಾರಿಸ್ ಶಾಂತಿ ಒಪ್ಪಂದ ಇಟಲಿ ಮತ್ತು ಯುಗೊಸ್ಲಾವಿಯಾಗಳ ನಡುವೆ ಹೊಸ ಗೆರೆ ಎಳೆಯಿತು; ಸೆಪ್ಟೆಂಬರ್‌ನಲ್ಲಿ ಅದು ಜಾರಿಗೆ ಬಂತು. ಬರ್ದಾದ ಹೆಚ್ಚಿನ ಹಳ್ಳಿಗಳು ಯುಗೊಸ್ಲಾವಿಯಾಕ್ಕೆ, ಗೊರೀತ್ಸಿಯಾ ಮತ್ತು ಒಸ್ಲಾವಿಯಾಗಳು ಇಟಲಿಗೆ ಸೇರಿದವು. ಪಟ್ಟಣವನ್ನು ಕಳೆದುಕೊಂಡ ಯುಗೊಸ್ಲಾವಿಯಾ 1948ರಿಂದ ಗೆರೆಯ ಆಚೆಗೆ ನೋವಾ ಗೊರಿತ್ಸಾ, ಅಂದರೆ ಹೊಸ ಗೊರಿತ್ಸಾ, ಎಂಬ ಊರನ್ನೇ ಕಟ್ಟಿಸಿತು. ಮನೆ ಒಂದು ದೇಶದಲ್ಲಿ, ಹೊಲ ಇನ್ನೊಂದರಲ್ಲಿ ಎನ್ನುವ ಸ್ಥಿತಿ ನೂರಾರು ಕುಟುಂಬಗಳದ್ದಾಯಿತು. ಇಂಥವರಿಗೆ ಸ್ಲೊವೇನಿಯನ್ನಿನಲ್ಲಿ ‘ದ್ವೊಲಾಸ್ತ್‌ನಿಕಿ’ ಎಂಬ ಪದವೇ ಹುಟ್ಟಿತು: ಎರಡೂ ಕಡೆ ಒಡೆತನವುಳ್ಳವರು. 1955ರ ಊದಿನೆ ಒಪ್ಪಂದದ ಮೂಲಕ ಗಡಿಪ್ರದೇಶದ ನಿವಾಸಿಗಳಿಗೆ ವಿಶೇಷ ರಹದಾರಿ ದೊರೆತ ಮೇಲೆ ಇವರು ನಿಗದಿತ ದಾರಿಗಳಲ್ಲಿ ಗಡಿ ದಾಟಿ ತಮ್ಮ ಬಳ್ಳಿಗಳನ್ನು ನೋಡಿಕೊಳ್ಳತೊಡಗಿದರು.

1956ರ ರಾಜ್ಯ ಪುನರ್ವಿಂಗಡಣೆಯ ಗೆರೆಗಳೊಂದಿಗೆ ಇದನ್ನು ಹೋಲಿಸುವ ಆಸೆ ಗಡಿನಾಡಿನ ಅಧ್ಯಯನಕಾರರಿಗೆ ಬಾರದಿರದು. ಹೋಲಿಕೆಗೆ ಮಿತಿಯಿದೆ. ಕಾಸರಗೋಡಿನ ಅಡಕೆ ಬೆಳೆಗಾರ ಪುತ್ತೂರಿನ ಮಂಡಿಗೆ ಹೋಗಲು ರಹದಾರಿ ಬೇಕಾಗಿರಲಿಲ್ಲ. ಜತ್ತದ ದ್ರಾಕ್ಷಿ ವಿಜಯಪುರಕ್ಕೆ ಬರುವುದನ್ನು ಯಾವ ಸೈನಿಕನೂ ತಡೆಯಲಿಲ್ಲ. ಹೋಲಿಕೆ ನಿಲ್ಲುವುದು ಇನ್ನೊಂದು ನೆಲೆಯಲ್ಲಿ: ಬೆಳೆಯ ಕುರಿತ ಸರಕಾರಿ ಕಾಗದಗಳೆಲ್ಲ ಒಂದು ಭಾಷೆಯಲ್ಲಿ, ಬೆಳೆಯುವವನ ಮಾತೆಲ್ಲ ಇನ್ನೊಂದರಲ್ಲಿ.

1960ರ ದಶಕದಲ್ಲಿ ಇಟಲಿಯ ಕಡೆಯ ಕೊಲ್ಲಿಯೊದಲ್ಲಿ ಬಿಳಿ ವೈನಿನ ಸ್ವರೂಪವೇ ಬದಲಾಯಿತು. ಕಾಪ್ರೀವಾದ ಮಾರಿಯೊ ಸ್ಕಿಯೊಪೆತ್ತೊ ಈ ಬದಲಾವಣೆಯ ಮುಂದಾಳು. ಹಣ್ಣನ್ನು ಮೆದುವಾಗಿ ಒತ್ತಿ, ಸಿಪ್ಪೆಯನ್ನು ಕೂಡಲೇ ತೆಗೆದು, ರಸವನ್ನು ಉಕ್ಕಿನ ತೊಟ್ಟಿಯಲ್ಲಿ ತಂಪಾಗಿ, ಗಾಳಿ ಸೋಕದಂತೆ ಹುದುಗಿಸುವುದು ಹೊಸ ವಿಧಾನ. ತಿಳಿಯಾದ, ಹಣ್ಣಿನ ಸುವಾಸನೆಯ, ಬಹುತೇಕ ಬಣ್ಣವಿಲ್ಲದ ವೈನು ಅದರ ಫಲ. ಹಳೆಯ ರೈತಾಪಿ ವೈನುಗಳಲ್ಲಿ ಎಷ್ಟೋ ಕಂದುಗಟ್ಟಿ ಹುಳಿಯಾಗುತ್ತಿದ್ದವು ಎಂಬುದನ್ನು ಮರೆತು ಈ ಸುಧಾರಣೆಯನ್ನು ಹಳಿಯುವುದು ಅನ್ಯಾಯ. ಬಡ ಗುಡ್ಡಗಾಡಿಗೆ ಮಾರುಕಟ್ಟೆ ತಂದುಕೊಟ್ಟದ್ದು ಅದೇ. 1968ರಲ್ಲಿ ಕೊಲ್ಲಿಯೊಗೆ ನಿಯಂತ್ರಿತ ಮೂಲನಾಮದ ಮಾನ್ಯತೆ ಬಂದಾಗ, ಈ ತಿಳಿಯಾದ ವೈನೇ ಆ ಹೆಸರಿಗೆ ತಕ್ಕ ವೈನೆಂಬ ಅಳತೆಗೋಲೂ ಬಲಗೊಂಡಿತು.

1952ರಲ್ಲಿ ಹುಟ್ಟಿದ ಯೋಶ್ಕೊ ಗ್ರಾವ್ನರ್ ಈ ಹೊಸ ಮಾರ್ಗದಲ್ಲಿಯೇ ಹೆಸರು ಮಾಡಿದವರು. ಮೊದಲು ಉಕ್ಕಿನ ತೊಟ್ಟಿ, ಅನಂತರ ಫ್ರೆಂಚ್ ಮಾದರಿಯ ಸಣ್ಣ ಓಕ್ ಪೀಪಾಯಿ. 1987ರಲ್ಲಿ ಅವರು ಕ್ಯಾಲಿಫೋರ್ನಿಯಾಕ್ಕೆ ಹೋದರು. ತಂತ್ರಜ್ಞಾನ ಮುಂದೆ ಎಲ್ಲಿಗೆ ಕೊಂಡೊಯ್ಯುತ್ತದೆಂಬುದನ್ನು ಅಲ್ಲಿ ಕಂಡು ಭ್ರಮನಿರಸನಗೊಂಡು ಮರಳಿದುದಾಗಿ ಅವರು ಹೇಳುತ್ತ ಬಂದಿದ್ದಾರೆ. 1990ರ ದಶಕದ ನಡುವಿನಲ್ಲಿ ರೆಬುಲಾವನ್ನು ಸಿಪ್ಪೆಯೊಂದಿಗೆ ಹುದುಗಿಸುವ ಪ್ರಯೋಗಗಳು ಆರಂಭವಾದವು. 1996ರ ಆಲಿಕಲ್ಲು ಮಳೆ ಆ ವರ್ಷದ ರೆಬುಲಾ ಬೆಳೆಯ ಬಹುಪಾಲನ್ನು ನಾಶಮಾಡಿದಾಗ, ಉಳಿದ ಅಲ್ಪಸ್ವಲ್ಪ ಹಣ್ಣು ಪ್ರಯೋಗಕ್ಕೇ ಒದಗಿತು. ಅದೇ ಹಳ್ಳಿಯ ಸ್ತಾಂಕೊ ರಾದಿಕೊನ್ 1995ರಲ್ಲಿ ಇದೇ ದಾರಿ ಹಿಡಿದಿದ್ದರು. ಅವರ ತರ್ಕ ಸರಳ: ತೋಟದಲ್ಲಿ ಬಾಯಿಗೆ ಹಾಕಿಕೊಂಡಾಗ ಅಷ್ಟು ರುಚಿಯಿರುವ ಹಣ್ಣಿನ ವೈನು ತೆಳುವಾಗುವುದಾದರೆ, ರುಚಿ ಎಸೆದುಬಿಟ್ಟ ಸಿಪ್ಪೆಯಲ್ಲಿರಬೇಕು. ಇವರಿಬ್ಬರೂ ಸ್ಲೊವೇನಿಯನ್ ಮನೆಗಳವರು, ಸಿಪ್ಪೆಯ ಮೇಲಿನ ವೈನು ಅಜ್ಜಂದಿರ ಕಾಲದ ನೆನಪಾಗಿ ಉಳಿದಿದ್ದ ಊರಿನವರು.

ತೋಟದ ಕೆಲಸ ಈ ವೈನಿನ ಅರ್ಧ ಕಥೆ. ಪೊಂಕಾ ಮಣ್ಣು ಬಡ ಮಣ್ಣು. ಬಯಲಿನ ಕೊಬ್ಬಿದ ನೆಲದಲ್ಲಿ ಹೇರಳವಾಗಿ ಫಲ ಬಿಟ್ಟು ನೀರಾಗುವ ರೆಬುಲಾ ಇಲ್ಲಿ ಕಡಿಮೆ ಗೊಂಚಲುಗಳನ್ನು ಬಿಟ್ಟು ಗಟ್ಟಿಯಾಗುತ್ತದೆ. ಇಳಿಜಾರಿನ ಮೆಟ್ಟಿಲುಗಳಲ್ಲಿ ಯಂತ್ರ ಹೋಗದು, ಕೊಯ್ಲು ಕೈಯಿಂದಲೇ. ಸಾಲುಗಳ ನಡುವೆ ಹುಲ್ಲನ್ನು ಬೆಳೆಯಲು ಬಿಡುತ್ತಾರೆ; ಅದು ಮಳೆಗೆ ಮಣ್ಣು ಜಾರದಂತೆ ಹಿಡಿಯುತ್ತದೆ. ಗ್ರಾವ್ನರ್ ತೋಟಗಳ ನಡುವೆ ಕೊಳಗಳನ್ನು ತೋಡಿಸಿ, ಹಕ್ಕಿಗಳಿಗೆ ಗೂಡುಗಳನ್ನು ಇಡಿಸಿದ್ದಾರೆ. ಕೀಟಗಳ ಹತೋಟಿ ಆ ಜೀವಜಾಲಕ್ಕೆ ಬಿಟ್ಟದ್ದು. ರೆಬುಲಾ ತಡವಾಗಿ ಮಾಗುವ ತಳಿ. ಬೀಜ ಕಂದಾಗುವವರೆಗೆ ಕಾಯಬೇಕು. ಹಸಿ ಬೀಜದ ಕಹಿ ತಿಂಗಳುಗಟ್ಟಲೆ ನೆನೆದ ವೈನಿನಲ್ಲಿ ಅಡಗುವುದಿಲ್ಲ.

ಸಾವಯವವೆಂದರೆ ಸಿಂಪಡಣೆಯೇ ಇಲ್ಲವೆಂದಲ್ಲ. ಬೂದಿರೋಗಕ್ಕೆ ಗಂಧಕ, ಕೆಳಬೂಷ್ಟಿಗೆ ತಾಮ್ರ ಇಂದಿಗೂ ಅನಿವಾರ್ಯ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು 1885ರಲ್ಲಿ ಪ್ರಚುರಪಡಿಸಿದವನು ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲ್ಲಾರ್ದೆ. ಕಾರಣ ದ್ರಾಕ್ಷಿಯ ಕೆಳಬೂಷ್ಟು. ಅದೇ ದ್ರಾವಣವನ್ನು 20ನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್‌ಮನ್ ಅಡಕೆಯ ಕೊಳೆರೋಗಕ್ಕೆ ಬಳಸಿ ತೋರಿಸಿದನು. ಮಲೆನಾಡಿನಿಂದ ಕಾಸರಗೋಡಿನವರೆಗೆ ಮುಂಗಾರಿನಲ್ಲಿ ಅಡಕೆ ಗೊನೆಗೆ ‘ಮದ್ದು ಬಿಡುವ’ ಬೆಳೆಗಾರನೂ ಒಸ್ಲಾವಿಯಾದ ದ್ರಾಕ್ಷಿ ರೈತನೂ ಒಂದೇ ನೀಲಿ ನೀರಿನ ಋಣಿಗಳು. ತಾಮ್ರ ಮಣ್ಣಿನಲ್ಲಿ ಕರಗಿಹೋಗದೆ ಸಂಚಯವಾಗುವುದು ಈ ಕೃಷಿಯ ದೊಡ್ಡ ಕೊರಗು. ಐರೋಪ್ಯ ಒಕ್ಕೂಟ 2019ರಿಂದ ಏಳು ವರ್ಷಗಳಿಗೆ ಒಟ್ಟು ಹೆಕ್ಟೇರಿಗೆ 28 ಕಿಲೊ ತಾಮ್ರದ ಮಿತಿಯನ್ನು ವಿಧಿಸಿದೆ. ಮಳೆ ಹೆಚ್ಚಿರುವ ಕೊಲ್ಲಿಯೊದಲ್ಲಿ ಇದು ಸಡಿಲವಾದ ಮಿತಿಯಲ್ಲ.

ರಾದಿಕೊನ್ ಮನೆಯ ಪದ್ಧತಿಯಲ್ಲಿ ತೊಟ್ಟು ತೆಗೆದ ಹಣ್ಣು ತೆರೆದ ಮರದ ತೊಟ್ಟಿಗೆ ಹೋಗುತ್ತದೆ. ಹೊರಗಿನ ಹುದುಗು ಹಾಕುವುದಿಲ್ಲ. ಸಿಪ್ಪೆಗೆ ಅಂಟಿ ಬಂದ ಕಾಡುಹುದುಗೇ ಸಾಕು. ಹುದುಗುವಾಗ ಸಿಪ್ಪೆ ಮೇಲೇರಿ ದಪ್ಪ ಕವಚವಾಗುತ್ತದೆ, ದಿನಕ್ಕೆ ಹಲವು ಬಾರಿ ಅದನ್ನು ರಸದೊಳಕ್ಕೆ ಅದುಮಬೇಕು. ಸುಮಾರು ಮೂರು ತಿಂಗಳು ಸಿಪ್ಪೆಯ ಸಂಗದಲ್ಲಿದ್ದ ವೈನನ್ನು ಒತ್ತಿ ತೆಗೆದು, ದೊಡ್ಡ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಸಿಪ್ಪೆಯಿಂದಿಳಿದ ಒಗರಿನಂಶಗಳು ಆಮ್ಲಜನಕವನ್ನು ತಾವೇ ಎದುರಿಸುವುದರಿಂದ ಗಂಧಕದ ರಕ್ಷಣೆ ಬೇಡವೆಂಬ ನಿಲುವಿಗೆ ಆ ಮನೆ ಕ್ರಮೇಣ ಬಂತು.

ಗ್ರಾವ್ನರ್ ಇನ್ನೂ ಹಿಂದಕ್ಕೆ ಹೋದರು. 1997ರಲ್ಲಿ ಸಣ್ಣದೊಂದು ಜಾರ್ಜಿಯನ್ ಮಣ್ಣಿನ ಗುಡಾಣ ಅವರ ಕೈಗೆ ಬಂತು; 2000ದಲ್ಲಿ ತಾವೇ ಜಾರ್ಜಿಯಾಕ್ಕೆ ಹೋಗಿ ನೋಡಿದರು; 2001ರ ಬೆಳೆಯಿಂದ ವೈನು ಗುಡಾಣಗಳಲ್ಲಿಯೇ ಆಯಿತು. ‘ಕ್ವೆವ್ರಿ’ ಎಂಬ ಈ ಗುಡಾಣವನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂಳುತ್ತಾರೆ. ಬಯಲುಸೀಮೆಯ ಓದುಗರಿಗೆ ಹಗೇವು ನೆನಪಾದರೆ ತಪ್ಪಲ್ಲ: ಎರಡರಲ್ಲಿಯೂ ಸರಕನ್ನು ಕಾಯುವುದು ನೆಲದ ಸಮಶೀತೋಷ್ಣ. ಒಳಮೈಗೆ ಜೇನುಮೇಣದ ಲೇಪ. ತಳ ಕಿರಿದಾಗಿ ಮೊನಚಾಗಿರುವುದರಿಂದ ಬೀಜಗಳು ಕೆಳಗಿಳಿದು ಒಂದೆಡೆ ಸೇರುತ್ತವೆ, ವೈನಿನ ಬಹುಭಾಗಕ್ಕೆ ಅವುಗಳ ಕಹಿ ತಾಗದು. ಸಿಪ್ಪೆಯೊಂದಿಗೆ ಐದಾರು ತಿಂಗಳು, ಒತ್ತಿದ ಬಳಿಕ ಮತ್ತೆ ಗುಡಾಣದಲ್ಲಿ ಕೆಲವು ತಿಂಗಳು, ಆಮೇಲೆ ದೊಡ್ಡ ಪೀಪಾಯಿಗಳಲ್ಲಿ ಸುಮಾರು ಆರು ವರ್ಷ. ಕೊಯ್ದ ಹಣ್ಣು ಮಾರುಕಟ್ಟೆ ಕಾಣುವುದು ಏಳು ವರ್ಷಗಳ ಮೇಲೆ. 2012ರ ಬೆಳೆಯ ನಂತರ ಅವರು ಫ್ರೆಂಚ್ ಮೂಲದ ಬಿಳಿ ತಳಿಗಳನ್ನು ಪೂರ್ಣವಾಗಿ ಕೈಬಿಟ್ಟರು. ಬಿಳಿಯಲ್ಲಿ ರೆಬುಲಾ ಒಂದೇ ಉಳಿಯಿತು. ಲಾ ತೂರ್ ತಂದ ತಳಿಗಳು ಒಂದು ಮನೆಯ ತೋಟದಿಂದಲಾದರೂ ಹೀಗೆ ಹಿಂದಿರುಗಿದವು.

ಈ ವೈನನ್ನು ಏನೆಂದು ಕರೆಯಬೇಕೆಂಬುದು ಅದನ್ನು ಮಾಡುವುದಕ್ಕಿಂತ ತೊಡಕಿನದಾಯಿತು. ಬಿಳಿ ವೈನೆಂದರೆ ತಿಳಿಯಾಗಿರಬೇಕೆಂಬ ಅಳತೆಗೆ ಇದು ಒಗ್ಗಲಿಲ್ಲ. ಗ್ರಾವ್ನರ್, ರಾದಿಕೊನ್ ಮನೆಗಳ ವೈನುಗಳು ಕೊಲ್ಲಿಯೊ ಎಂಬ ಮೂಲನಾಮವಿಲ್ಲದೆ, ವೆನೆಜಿಯಾ ಜೂಲಿಯಾ ಎಂಬ ವಿಶಾಲ ಪ್ರದೇಶನಾಮದಡಿ ಮಾರುಕಟ್ಟೆಗೆ ಬರುತ್ತವೆ. ಆ ಗುಡ್ಡಗಳ ಅತ್ಯಂತ ಹಳೆಯ ತಳಿ, ಅಲ್ಲಿಯ ಹಳೆಯ ರೂಢಿಯನ್ನೇ ಹೋಲುವ ವಿಧಾನ. ಇಷ್ಟಿದ್ದೂ ಸೀಸೆಯ ಮೇಲೆ ಗುಡ್ಡದ ಹೆಸರಿಲ್ಲ. ‘ಆರೆಂಜ್ ವೈನು’ ಎಂಬ ಹೆಸರನ್ನು 2004ರಲ್ಲಿ ಕೊಟ್ಟವನು ಡೇವಿಡ್ ಹಾರ್ವಿ ಎಂಬ ಬ್ರಿಟಿಷ್ ವೈನು ವ್ಯಾಪಾರಿ. ಗ್ರಾವ್ನರ್ ಒಪ್ಪುವುದು ಅಂಬರ್ ಎಂಬ ಪದವನ್ನು. ಅಂತಾರಾಷ್ಟ್ರೀಯ ದ್ರಾಕ್ಷಿ ಮತ್ತು ವೈನು ಸಂಸ್ಥೆ 2020ರಲ್ಲಿ ಇದಕ್ಕೊಂದು ಲಕ್ಷಣವನ್ನು ಬರೆದು, ಕನಿಷ್ಠ ಒಂದು ತಿಂಗಳು ಸಿಪ್ಪೆಯೊಂದಿಗೆ ಇರಬೇಕೆಂದು ನಿಗದಿಪಡಿಸಿತು.

‘ಸಾವಯವ’ ಎಂಬ ಪದಕ್ಕೂ ಇದೇ ಬಗೆಯ ಚರಿತ್ರೆಯಿದೆ. 2012ರ ಬೆಳೆಯವರೆಗೆ ಐರೋಪ್ಯ ಕಾನೂನಿನಲ್ಲಿ ‘ಸಾವಯವ ದ್ರಾಕ್ಷಿಯಿಂದ ಮಾಡಿದ ವೈನು’ ಇತ್ತೇ ಹೊರತು ‘ಸಾವಯವ ವೈನು’ ಇರಲಿಲ್ಲ. ನಿಯಮ ತೋಟದ ಬಾಗಿಲಲ್ಲಿ ನಿಂತುಬಿಡುತ್ತಿತ್ತು. ಆ ವರ್ಷದ ನಿಯಮಾವಳಿ ನೆಲಮಾಳಿಗೆಯನ್ನೂ ಪ್ರವೇಶಿಸಿ, ಒಣ ಬಿಳಿ ವೈನಿಗೆ ಲೀಟರಿಗೆ 150 ಮಿಲಿಗ್ರಾಂ ಸಲ್ಫೈಟಿನ ಮಿತಿಯನ್ನು ಇಟ್ಟಿತು. ಸಾಮಾನ್ಯ ವೈನಿಗೆ ಇದು 200. ಗಂಧಕವನ್ನೇ ಸೇರಿಸದವರಿಗೆ 150ರ ಮಿತಿ ಅತಿ ಉದಾರವಾಗಿ ಕಂಡದ್ದು ಸಹಜ.

ಹೆಸರಿನ ವಿವಾದಗಳಲ್ಲಿ ಅತಿ ಸ್ವಾರಸ್ಯದ್ದು ಇನ್ನೊಂದು ದ್ರಾಕ್ಷಿಯದು. ಫ್ರಿಯುಲಿ ಸೀಮೆಯ ‘ತೊಕಾಯ್’ ಎಂಬ ತಳಿಗೂ ಹಂಗೇರಿಯ ತೊಕಾಯ್ ವೈನಿಗೂ ತಳಿಸಂಬಂಧವಿಲ್ಲ. ಆದರೂ ಹಂಗೇರಿಯೊಂದಿಗಿನ ಒಪ್ಪಂದದ ಮೇರೆಗೆ 2007ರ ಮಾರ್ಚ್ 31ರ ಬಳಿಕ ಇಟಲಿಯ ರೈತರು ಆ ಹೆಸರನ್ನು ಬಳಸುವಂತಿರಲಿಲ್ಲ. ಸರಕಾರ ಫ್ರಿಯುಲಾನೊ ಎಂಬ ಬದಲಿ ಹೆಸರನ್ನು ನೀಡಿತು. ರಾದಿಕೊನ್ ಮತ್ತು ಸುತ್ತಲಿನ ಕೆಲವರು ಅದನ್ನು ಒಪ್ಪದೆ, ಸ್ಲೊವೇನಿಯನ್ ಕಾಗುಣಿತದ ತೊಕಾಯ್ ಪದದ ಅಕ್ಷರಗಳನ್ನು ಹಿಂದುಮುಂದಾಗಿಸಿ ‘ಯಾಕೊತ್’ ಎಂದು ಸೀಸೆಯ ಮೇಲೆ ಬರೆದರು. 1927ರಲ್ಲಿ ಮನೆತನದ ಹೆಸರುಗಳನ್ನೇ ತಿದ್ದಿದ ಸೀಮೆಯಲ್ಲಿ ಇದನ್ನು ಬರಿಯ ಕುಚೋದ್ಯವೆಂದು ಓದುವುದು ಕಷ್ಟ.

ಇಷ್ಟಾದರೂ, ಇದನ್ನು ಅಖಂಡ ಪರಂಪರೆಯೆಂದು ಕರೆಯುವುದು ಚರಿತ್ರೆಗೆ ಸಲ್ಲದು. ಒಸ್ಲಾವಿಯಾದಲ್ಲಿ ಗುಡಾಣವನ್ನು ಹೂಳುವ ರೂಢಿಯಿತ್ತೆಂಬುದಕ್ಕೆ ವೆರ್ತೊವೆತ್ಸ್‌ನ ಪದ್ಧತಿ ಆಧಾರವಾಗುವುದಿಲ್ಲ. ಗುಡಾಣ ಬಂದದ್ದು ಜಾರ್ಜಿಯಾದಿಂದ. ಅಜ್ಜಂದಿರ ವೈನು ಏಳು ವರ್ಷ ಕಾಯುತ್ತಿರಲಿಲ್ಲ, ದುಬಾರಿಯಾಗಿಯೂ ಇರಲಿಲ್ಲ. ಅದು ಮನೆಯ ಊಟದ ಜೊತೆಗಿನ ಪೇಯ. 1844ರ ಪಾದ್ರಿಯ ಪುಸ್ತಕ ಇಂದಿನ ಚರ್ಚೆಗೆ ಬಹುಮಟ್ಟಿಗೆ ಮರಳಿದ್ದು ಪ್ರಯೋಗಗಳು ಯಶಸ್ವಿಯಾದ ಮೇಲೆ, ಸಮರ್ಥನೆಯಾಗಿ. ತಂತು ಕಡಿದಿತ್ತು, ಮತ್ತೆ ಕಟ್ಟಲಾಯಿತು, ಕಟ್ಟಿದ ಗಂಟು ಕಾಣಿಸುತ್ತದೆ. ಕಡಿದದ್ದು ಯಾವಾಗ, ಯಾರಿಂದ ಎಂಬುದಕ್ಕೆ ಉತ್ತರ ದ್ರಾಕ್ಷಿಯ ರಸಾಯನದಲ್ಲಿ ಸಿಗುವುದಕ್ಕಿಂತ 1923ರಿಂದ 1947ರವರೆಗಿನ ಆಜ್ಞೆಗಳಲ್ಲಿ ಹೆಚ್ಚು ಸಿಗುತ್ತದೆ.

2001ರಲ್ಲಿ ಇಟಲಿಯ ಸಂಸತ್ತು ಸ್ಲೊವೇನಿಯನ್ ಅಲ್ಪಸಂಖ್ಯಾತರ ರಕ್ಷಣೆಗಾಗಿ 38ನೆಯ ಸಂಖ್ಯೆಯ ಕಾನೂನನ್ನು ಅಂಗೀಕರಿಸಿತು. ಗ್ರಾವ್ನರ್ ಮೊದಲ ಬಾರಿ ಗುಡಾಣಗಳಿಗೆ ರೆಬುಲಾ ತುಂಬಿದ್ದೂ ಅದೇ ವರ್ಷ. 2004ರ ಮೇ 1ರಂದು ಸ್ಲೊವೇನಿಯಾ ಐರೋಪ್ಯ ಒಕ್ಕೂಟವನ್ನು ಸೇರಿತು. 2007ರ ಡಿಸೆಂಬರ್ 21ರಂದು ಗಡಿಯ ತಪಾಸಣೆ ನಿಂತಿತು. 1955ರ ರಹದಾರಿಗಳು ಹಳೆಯ ಪೆಟ್ಟಿಗೆಗಳನ್ನು ಸೇರಿದವು. ಗ್ರಾವ್ನರ್ ಮನೆಯ ತೋಟಗಳಲ್ಲಿ ಒಂದು ಸ್ಲೊವೇನಿಯಾದ ಹುಮ್ ಎಂಬ ಹಳ್ಳಿಯಲ್ಲಿದೆ. 2023ರ ಅಕ್ಟೋಬರ್‌ನಲ್ಲಿ, ರೆಬುಲಾ ಕೊಯ್ಲಿನ ಹೊತ್ತಿಗೆ, ಇಟಲಿ ಆ ಗಡಿಯಲ್ಲಿ ತಾತ್ಕಾಲಿಕ ತಪಾಸಣೆಯನ್ನು ಮತ್ತೆ ಆರಂಭಿಸಿತು.